ಫ್ರೋಜನ್ ಶೋಲ್ಡರ್ ಎಂಬ ಹೆಗಲು ಬಿಗಿತಕ್ಕೆ ಕೀಲಿನ ಇಂಜೆಕ್ಷನ್ ಚಿಕಿತ್ಸೆ: ವಿವಿಧ ವಿಧಾನಗಳ ತುಲನಾತ್ಮಕ ಮಾಹಿತಿ

(ಯಲಹಂಕ, ಹೆಬ್ಬಾಳ, ಯಶವಂತಪುರ ಮತ್ತು ಆರ್.ಟಿ. ನಗರ ಭಾಗದ ನಾಗರಿಕರ ತಿಳುವಳಿಕೆಗಾಗಿ)

1. ಪೀಠಿಕೆ

ಹೆಗಲಿನ ಕೀಲು ನೋವಿನಿಂದ ಆರಂಭವಾಗಿ ಕ್ರಮೇಣ ಬಿಗಿಯಾಗುತ್ತಾ ಹೋಗಿ, ಕೊನೆಗೆ ತೋಳನ್ನು ಎತ್ತಲು ಅಥವಾ ಹಿಂದಕ್ಕೆ ಕೊಂಡೊಯ್ಯಲು ಸಾಧ್ಯವಾಗದ ಸ್ಥಿತಿಗೆ ವೈದ್ಯರು ಫ್ರೋಜನ್ ಶೋಲ್ಡರ್ ಎಂದು ಕರೆಯುತ್ತಾರೆ. ಈ ಪುಟದಲ್ಲಿ ಇದನ್ನು ಹೆಗಲು ಬಿಗಿತ ಎಂದು ಸೂಚಿಸಲಾಗಿದೆ. ಜಡೆ ಹಾಕಿಕೊಳ್ಳಲು ಆಗದಿರುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗದಿರುವುದು, ಅಡುಗೆಮನೆಯ ಅಟ್ಟದಿಂದ ಡಬ್ಬಿ ಇಳಿಸಲು ಆಗದಿರುವುದು, ರಾತ್ರಿ ಆ ಮಗ್ಗುಲಿಗೆ ತಿರುಗಿ ಮಲಗಲು ಆಗದಿರುವುದು ಇದರ ಸಾಮಾನ್ಯ ಲಕ್ಷಣಗಳು.

ಈ ಕಾಯಿಲೆಗೆ ಇಂಜೆಕ್ಷನ್ ಹಾಕಿಸಿಕೊಳ್ಳುವಂತೆ ಸಲಹೆ ಪಡೆದ ನಾಗರಿಕರಲ್ಲಿ ಹಲವು ಸಂದೇಹಗಳಿರುವುದು ಸಹಜ. ಒಂದು ಆಸ್ಪತ್ರೆಯಲ್ಲಿ ಕೀಲಿನೊಳಗೆ ಇಂಜೆಕ್ಷನ್ ಎಂದೂ, ಮತ್ತೊಂದರಲ್ಲಿ ಸ್ಕ್ಯಾನ್ ನೋಡಿ ಕೊಡುವ ಇಂಜೆಕ್ಷನ್ ಎಂದೂ, ಮಗದೊಂದರಲ್ಲಿ ನೀರು ತುಂಬಿ ಹಿಗ್ಗಿಸುವ ವಿಧಾನ ಎಂದೂ ತಿಳಿಸಲಾಗುತ್ತದೆ. ಇವುಗಳ ವೆಚ್ಚದಲ್ಲಿಯೂ ಹೆಚ್ಚಿನ ಅಂತರವಿರುತ್ತದೆ. ದುಬಾರಿಯಾದುದೇ ಉತ್ತಮವೆಂದು ಭಾವಿಸಿ ಸಾಲ ಮಾಡುವವರೂ, ಸ್ಟಿರಾಯ್ಡ್ ಎಂಬ ಪದಕ್ಕೆ ಹೆದರಿ ತಿಂಗಳುಗಟ್ಟಲೆ ನೋವು ಸಹಿಸುವವರೂ ಇಬ್ಬರೂ ನಷ್ಟಕ್ಕೆ ಒಳಗಾಗುತ್ತಾರೆ. ಆದ್ದರಿಂದ ಸದರಿ ವಿಧಾನಗಳ ಸ್ವರೂಪ, ಪ್ರಯೋಜನ ಹಾಗೂ ಮಿತಿಗಳನ್ನು ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ. ಇದು ಸಾಮಾನ್ಯ ತಿಳುವಳಿಕೆಗೆ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ಪರೀಕ್ಷಿಸಿದ ವೈದ್ಯರೇ ಕೈಗೊಳ್ಳತಕ್ಕದ್ದು.

2. ಕಾಯಿಲೆಯ ಸ್ವರೂಪ

ಹೆಗಲಿನ ಮುಖ್ಯ ಕೀಲು ಒಂದು ಗುಂಡು ಮತ್ತು ಅದನ್ನು ಹಿಡಿದ ಆಳವಿಲ್ಲದ ಬಟ್ಟಲಿನಂತಿದೆ. ಇದರ ಸುತ್ತಲೂ ತೆಳುವಾದ ಚೀಲವೊಂದಿದ್ದು, ಆರೋಗ್ಯವಂತರಲ್ಲಿ ಅದು ಸಡಿಲವಾಗಿರುತ್ತದೆ. ಹೆಗಲು ಬಿಗಿತದಲ್ಲಿ ಈ ಚೀಲವು ಮೊದಲು ಊದಿಕೊಂಡು, ನಂತರ ದಪ್ಪಗಾಗಿ ಕುಗ್ಗುತ್ತದೆ. ಸಾಮಾನ್ಯವಾಗಿ 15ರಿಂದ 30 ಮಿಲಿಲೀಟರ್ ದ್ರವ ಹಿಡಿಯಬಲ್ಲ ಚೀಲವು ಕುಗ್ಗಿದ ಮೇಲೆ ಹಲವರಲ್ಲಿ 10 ಮಿಲಿಲೀಟರನ್ನೂ ಹಿಡಿಯುವುದಿಲ್ಲ. ಚೀಲವೇ ಚಿಕ್ಕದಾದಾಗ ಅದರೊಳಗಿನ ಮೂಳೆ ತಿರುಗಲು ಜಾಗವಿಲ್ಲದಂತಾಗುತ್ತದೆ.

ಫ್ರಾನ್ಸಿನ ವೈದ್ಯ ಡುಪ್ಲೇ ಅವರು 1872ರಲ್ಲಿ ಈ ಬಗೆಯ ನೋವು ಮತ್ತು ಬಿಗಿತವನ್ನು ವಿವರಿಸಿದರು. ಫ್ರೋಜನ್ ಶೋಲ್ಡರ್ ಎಂಬ ಹೆಸರನ್ನು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರು 1934ರಲ್ಲಿ ಬಳಕೆಗೆ ತಂದರು. ದೋಷವು ಕೀಲಿನ ಚೀಲದಲ್ಲಿದೆ ಎಂಬುದನ್ನು 1945ರಲ್ಲಿ ನೆವಿಯಾಸರ್ ಅವರು ತೋರಿಸಿಕೊಟ್ಟು, ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಎಂಬ ಹೆಸರನ್ನು ನೀಡಿದರು. ವೈದ್ಯರ ಚೀಟಿಯಲ್ಲಿ ಪೆರಿಆರ್ಥ್ರೈಟಿಸ್ ಅಥವಾ ಪಿ.ಎ. ಶೋಲ್ಡರ್ ಎಂದು ಬರೆದಿದ್ದರೂ ಬಹುತೇಕ ಇದೇ ಕಾಯಿಲೆಯನ್ನು ಸೂಚಿಸಲಾಗಿರುತ್ತದೆ.

ಜನಸಂಖ್ಯೆಯ ಸುಮಾರು ಶೇ. 2ರಿಂದ 5ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆ ಈ ಕಾಯಿಲೆ ಬರಬಹುದೆಂದು ವೈದ್ಯಕೀಯ ಗ್ರಂಥಗಳಲ್ಲಿ ಹೇಳಲಾಗಿದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಹೆಚ್ಚು. ಮಧುಮೇಹಿಗಳಲ್ಲಿ ಈ ಪ್ರಮಾಣ ಹಲವು ಪಟ್ಟು ಅಧಿಕವಾಗಿದ್ದು, ಥೈರಾಯ್ಡ್ ದೋಷವಿರುವವರಲ್ಲಿಯೂ ಹೆಚ್ಚಾಗಿ ಕಂಡುಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಆದ್ದರಿಂದ ಈ ಕಾಯಿಲೆಯನ್ನು ಅಪರೂಪವೆಂದು ಪರಿಗಣಿಸುವಂತಿಲ್ಲ.

3. ಕಾಯಿಲೆಯ ಮೂರು ಹಂತಗಳು

(1) ನೋವಿನ ಹಂತ: ಸುಮಾರು 2ರಿಂದ 9 ತಿಂಗಳು. ನೋವು ಪ್ರಧಾನವಾಗಿದ್ದು ರಾತ್ರಿ ಹೆಚ್ಚಾಗುತ್ತದೆ. ಬಿಗಿತ ನಿಧಾನವಾಗಿ ಆರಂಭವಾಗುತ್ತದೆ.

(2) ಬಿಗಿತದ ಹಂತ: ಸುಮಾರು 4ರಿಂದ 12 ತಿಂಗಳು. ನೋವು ತಗ್ಗುತ್ತದೆ, ಆದರೆ ತೋಳು ಎಲ್ಲ ದಿಕ್ಕಿಗೂ ಕಡಿಮೆ ಚಲಿಸುತ್ತದೆ.

(3) ಸಡಿಲಗೊಳ್ಳುವ ಹಂತ: ಸುಮಾರು 5ರಿಂದ 24 ತಿಂಗಳು. ಚಲನೆ ಕ್ರಮೇಣ ಮರಳುತ್ತದೆ.

ಬಹುತೇಕ ರೋಗಿಗಳು 1ರಿಂದ 3 ವರ್ಷಗಳಲ್ಲಿ ಸುಧಾರಿಸುತ್ತಾರೆ. ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿಯುತ್ತದೆ. ತಾನಾಗಿಯೇ ವಾಸಿಯಾಗುವ ಕಾಯಿಲೆ ಎಂದು ಹೇಳಿ ಸುಮ್ಮನಿರುವುದು ಸುಲಭ. ಆದರೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ, ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರಿಗೆ, ಮನೆಗೆಲಸದಿಂದ ಜೀವನ ನಡೆಸುವವರಿಗೆ ಒಂದು ವರ್ಷದ ನೋವು ಎಂದರೆ ಒಂದು ವರ್ಷದ ಕೂಲಿಗೆ ಕುತ್ತು ಎಂದರ್ಥ. ಇಂಜೆಕ್ಷನ್‌ನ ಉದ್ದೇಶ ಈ ಅವಧಿಯ ನೋವನ್ನು ಇಳಿಸಿ, ವ್ಯಾಯಾಮ ಮಾಡಲು ಅನುವು ಮಾಡಿಕೊಡುವುದಾಗಿದೆ. ಮೊದಲ ಹಂತದಲ್ಲಿ, ಅಂದರೆ ಊತ ಮತ್ತು ನೋವು ಪ್ರಧಾನವಾಗಿರುವಾಗ, ಇದರ ಪ್ರಯೋಜನ ಅತ್ಯಧಿಕ. ಚೀಲವು ಪೂರ್ಣ ಕುಗ್ಗಿ, ನೋವು ಇಲ್ಲದೆ ಬಿಗಿತ ಮಾತ್ರ ಉಳಿದ ಮೇಲೆ ಸ್ಟಿರಾಯ್ಡ್‌ನಿಂದ ದೊರೆಯುವ ಲಾಭ ಕಡಿಮೆ.

4. ಇಂಜೆಕ್ಷನ್‌ಗೆ ಮೊದಲು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

ಹೆಗಲು ನೋವೆಲ್ಲವೂ ಹೆಗಲು ಬಿಗಿತವಲ್ಲ. ಈ ಕೆಳಕಂಡ ಪರೀಕ್ಷೆಗಳು ಅವಶ್ಯಕ.

(ಅ) ಕೈಯಿಂದ ಪರೀಕ್ಷೆ: ರೋಗಿಯು ತಾನೇ ತೋಳೆತ್ತಲು ಆಗದಿರುವುದಲ್ಲದೆ, ವೈದ್ಯರು ಎತ್ತಿದಾಗಲೂ ತೋಳು ಮೇಲೇಳದಿದ್ದರೆ ಅದು ಹೆಗಲು ಬಿಗಿತದ ಗುರುತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ ವಿಶೇಷವಾಗಿ ಕಡಿಮೆಯಾಗಿರುತ್ತದೆ. ರೋಗಿಗೆ ಎತ್ತಲು ಆಗದೆ, ವೈದ್ಯರು ಎತ್ತಿದಾಗ ತೋಳು ಸರಾಗವಾಗಿ ಮೇಲೇರಿದರೆ ಸ್ನಾಯುರಜ್ಜು ಹರಿದಿರುವ ಸಂಭವವಿದ್ದು, ಅದರ ಚಿಕಿತ್ಸೆ ಬೇರೆ.

(ಆ) ಎಕ್ಸ್-ರೇ: ಹೆಗಲು ಬಿಗಿತದಲ್ಲಿ ಎಕ್ಸ್-ರೇ ಬಹುತೇಕ ಸಹಜವಾಗಿಯೇ ಇರುತ್ತದೆ. ಹಾಗಿದ್ದರೂ ಅದನ್ನು ತೆಗೆಸುವುದು ವ್ಯರ್ಥ ಖರ್ಚಲ್ಲ. ಕೀಲು ಸವೆತ, ಮೂಳೆ ಮುರಿತ, ಗಡ್ಡೆ ಮುಂತಾದವು ಇಲ್ಲವೆಂದು ಅದರಿಂದ ತಿಳಿಯುತ್ತದೆ.

(ಇ) ಕ್ಷಯದ ಸಾಧ್ಯತೆ: ನಮ್ಮ ದೇಶದಲ್ಲಿ ಇದು ಮರೆಯಬಾರದ ಅಂಶ. ಹೆಗಲಿನ ಕೀಲಿಗೆ ತಗಲುವ ಕ್ಷಯರೋಗದಲ್ಲಿ ಕೀವು ಇಲ್ಲದ ಒಣ ಬಗೆಯೊಂದಿದ್ದು, ಅದು ಆರಂಭದಲ್ಲಿ ಹೆಗಲು ಬಿಗಿತದಂತೆಯೇ ಕಾಣುತ್ತದೆ. ಕ್ಷಯವಿರುವ ಕೀಲಿಗೆ ಸ್ಟಿರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸುತ್ತದೆ. ತೂಕ ಇಳಿಯುವುದು, ಸಂಜೆಯ ಜ್ವರ, ತೋಳಿನ ಸ್ನಾಯು ತೀವ್ರವಾಗಿ ಸೊರಗುವುದು, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದುದು ಇವುಗಳನ್ನು ವೈದ್ಯರು ಕೇಳದಿದ್ದರೂ ರೋಗಿಯೇ ತಿಳಿಸತಕ್ಕದ್ದು.

(ಈ) ರಕ್ತ ಪರೀಕ್ಷೆ: ಮಧುಮೇಹ ಇದೆಯೆಂದು ತಿಳಿಯದವರೂ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಹೆಗಲು ಬಿಗಿತದ ನೆಪದಲ್ಲಿ ಮಧುಮೇಹ ಮೊದಲ ಬಾರಿಗೆ ಪತ್ತೆಯಾಗುವುದುಂಟು. ವೈದ್ಯರು ಸೂಚಿಸಿದಲ್ಲಿ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು.

ಸೂಚನೆ: ಎಡ ಹೆಗಲಿನ ನೋವು ಹಠಾತ್ತನೆ ಬಂದು, ಎದೆ ಬಿಗಿತ, ಬೆವರು ಅಥವಾ ಉಸಿರಾಟದ ತೊಂದರೆ ಜೊತೆಗಿದ್ದರೆ ಅದು ಹೃದಯದ ನೋವಾಗಿರಬಹುದು. ತಡಮಾಡದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು.

5. ಇಂಜೆಕ್ಷನ್‌ನಲ್ಲಿ ಇರುವ ಔಷಧಗಳು

ಸಾಮಾನ್ಯವಾಗಿ ಎರಡು ಔಷಧಗಳನ್ನು ಬೆರೆಸಿ ಕೊಡಲಾಗುತ್ತದೆ. ಒಂದು, ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಬಹುತೇಕ 40 ಮಿಲಿಗ್ರಾಂ ಪ್ರಮಾಣದಲ್ಲಿ. ಎರಡು, ಲಿಗ್ನೊಕೇನ್‌ನಂತಹ ಸ್ಥಳೀಯ ಅರಿವಳಿಕೆ ಔಷಧ. ಅರಿವಳಿಕೆಯಿಂದ ಕೆಲವು ನಿಮಿಷಗಳಲ್ಲೇ ನೋವು ತಗ್ಗುತ್ತದೆ, ಆದರೆ ಅದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಸ್ಟಿರಾಯ್ಡ್‌ನ ಪರಿಣಾಮ ಕೆಲವು ದಿನಗಳಲ್ಲಿ ಆರಂಭವಾಗಿ ವಾರಗಳವರೆಗೆ ಇರುತ್ತದೆ. ಮಧ್ಯದ ಒಂದೆರಡು ದಿನ ನೋವು ಮರಳಿದರೆ ಇಂಜೆಕ್ಷನ್ ವಿಫಲವಾಯಿತೆಂದು ತಿಳಿಯಬಾರದು.

ಹೆಚ್ಚಿನ ಪ್ರಮಾಣದಿಂದ ಹೆಚ್ಚಿನ ಗುಣ ಎಂಬುದು ನಿಜವಲ್ಲ. ದಕ್ಷಿಣ ಕೊರಿಯಾದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಿಲಿಗ್ರಾಂ ಮತ್ತು 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್‌ಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಮಧುಮೇಹಿಗಳಿಗೆ ಕಡಿಮೆ ಪ್ರಮಾಣ ಸಾಕಾಗಬಹುದೇ ಎಂದು ವೈದ್ಯರನ್ನು ಕೇಳಲು ಇದು ಆಧಾರವಾಗಿದೆ.

6. ಚಾಲ್ತಿಯಲ್ಲಿರುವ ವಿಧಾನಗಳು

6.1 ಗುರುತು ನೋಡಿ ಕೀಲಿನೊಳಗೆ ಕೊಡುವ ಇಂಜೆಕ್ಷನ್

ವಿಧಾನ: ರೋಗಿಯನ್ನು ಕೂರಿಸಿ, ಹೆಗಲಿನ ಮೇಲ್ಭಾಗದ ಮೂಳೆಯ ಹಿಂದಿನ ಮೂಲೆಯನ್ನು ಬೆರಳಿನಿಂದ ಗುರುತಿಸಿ, ಅದರಿಂದ ಸುಮಾರು 2 ಸೆಂಟಿಮೀಟರ್ ಕೆಳಗೆ ಸೂಜಿಯನ್ನು ಮುಂದಕ್ಕೆ ತೂರಿಸಿ ಕೀಲಿನ ಚೀಲದೊಳಗೆ ಔಷಧ ಬಿಡಲಾಗುತ್ತದೆ. ಕೆಲವು ವೈದ್ಯರು ಮುಂಭಾಗದಿಂದಲೂ ಕೊಡುತ್ತಾರೆ.
ಪ್ರಯೋಜನ: ಯಂತ್ರ ಬೇಕಿಲ್ಲ. ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ವೆಚ್ಚ ಅತಿ ಕಡಿಮೆ.
ಮಿತಿ: ಕುಗ್ಗಿದ ಚೀಲಕ್ಕೆ ಸೂಜಿ ತಲುಪಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ವೈದ್ಯರ ಅನುಭವವೇ ಆಧಾರ. ಸ್ಥೂಲಕಾಯದವರಲ್ಲಿ ಗುರುತು ಹಿಡಿಯುವುದು ಕಷ್ಟ.

6.2 ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ಪರದೆ ನೋಡಿ ಕೀಲಿನೊಳಗೆ ಕೊಡುವ ಇಂಜೆಕ್ಷನ್

ವಿಧಾನ: ಔಷಧ ಮತ್ತು ಸ್ಥಳ ಮೇಲಿನವೇ. ಸೂಜಿಯ ಹಾದಿಯನ್ನು ಪರದೆಯ ಮೇಲೆ ನೋಡುತ್ತಾ ಚುಚ್ಚಲಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ. ಎಕ್ಸ್-ರೇ ಪರದೆಯಲ್ಲಿ ಅಲ್ಪ ಪ್ರಮಾಣದ ವಿಕಿರಣವಿದ್ದು, ಬಣ್ಣದ ದ್ರವವನ್ನೂ ಬಳಸಲಾಗುತ್ತದೆ.
ಪ್ರಯೋಜನ: ಔಷಧ ಉದ್ದೇಶಿತ ಜಾಗಕ್ಕೆ ತಲುಪುವ ಖಚಿತತೆ ಹೆಚ್ಚು. ಒಮ್ಮೆ ಗುರುತು ನೋಡಿ ಕೊಟ್ಟ ಇಂಜೆಕ್ಷನ್ ಫಲಿಸದವರಿಗೆ ಮತ್ತು ಸ್ಥೂಲಕಾಯದವರಿಗೆ ಉಪಯುಕ್ತ.
ಮಿತಿ: ಯಂತ್ರ, ತರಬೇತಿ ಪಡೆದ ವೈದ್ಯರು ಹಾಗೂ ಹೆಚ್ಚಿನ ಸಮಯ ಬೇಕು. ವೆಚ್ಚ ಅಧಿಕ.

6.3 ಹೆಗಲ ಮೂಳೆಯ ಕೆಳಗಿನ ಚೀಲಕ್ಕೆ ಕೊಡುವ ಇಂಜೆಕ್ಷನ್

ವಿಧಾನ: ಔಷಧವನ್ನು ಮುಖ್ಯ ಕೀಲಿನೊಳಗೆ ಬಿಡದೆ, ಅದರ ಮೇಲಿರುವ ಮೂಳೆ ಮತ್ತು ಸ್ನಾಯುರಜ್ಜುಗಳ ನಡುವಿನ ಪುಟ್ಟ ಚೀಲಕ್ಕೆ ಬಿಡಲಾಗುತ್ತದೆ. ಇದನ್ನು ಸಬ್‌ಅಕ್ರೋಮಿಯಲ್ ಇಂಜೆಕ್ಷನ್ ಎನ್ನುತ್ತಾರೆ.
ಪ್ರಯೋಜನ: ಕೊಡುವುದು ಸುಲಭ. ಸ್ನಾಯುರಜ್ಜು ಉಜ್ಜುವ ನೋವಿಗೆ ಸೂಕ್ತ.
ಮಿತಿ: ಹೆಗಲು ಬಿಗಿತದ ಮೂಲ ದೋಷವಿರುವ ಚೀಲ ಇದಲ್ಲ. ಮೊದಲ ವಾರಗಳ ನೋವು ಶಮನದಲ್ಲಿ ಕೀಲಿನೊಳಗಿನ ಇಂಜೆಕ್ಷನ್ ಇದಕ್ಕಿಂತ ಸ್ವಲ್ಪ ಮೇಲೆಂದು ತುಲನಾತ್ಮಕ ಅಧ್ಯಯನಗಳಲ್ಲಿ ಕಂಡಿದೆ. ಸುಮಾರು ಮೂರು ತಿಂಗಳ ನಂತರ ಈ ಅಂತರ ಉಳಿಯುವುದಿಲ್ಲ.

6.4 ಚೀಲವನ್ನು ದ್ರವದಿಂದ ಹಿಗ್ಗಿಸುವ ವಿಧಾನ

ವಿಧಾನ: ಸ್ಟಿರಾಯ್ಡ್ ಮತ್ತು ಅರಿವಳಿಕೆಯ ಜೊತೆಗೆ ಸಲೈನ್ ದ್ರವವನ್ನು ಸೇರಿಸಿ, ಒಟ್ಟು ಸುಮಾರು 10ರಿಂದ 40 ಮಿಲಿಲೀಟರ್‌ನಷ್ಟನ್ನು ನಿಧಾನವಾಗಿ ಕೀಲಿನೊಳಗೆ ತುಂಬಿ ಕುಗ್ಗಿದ ಚೀಲವನ್ನು ಹಿಗ್ಗಿಸಲಾಗುತ್ತದೆ. ಸ್ವೀಡನ್ನಿನ ವೈದ್ಯರಾದ ಆಂಡ್ರೆನ್ ಮತ್ತು ಲುಂಡ್‌ಬರ್ಗ್ ಅವರು 1965ರಲ್ಲಿ ಈ ವಿಧಾನವನ್ನು ವರದಿ ಮಾಡಿದರು. ಇದಕ್ಕೆ ಹೈಡ್ರೋಡೈಲಟೇಶನ್ ಎಂದು ಹೆಸರು.
ಪ್ರಯೋಜನ: ನೋವಿನ ಜೊತೆಗೆ ಚಲನೆಯ ಸುಧಾರಣೆಯೂ ಉದ್ದೇಶ. ಬಿಗಿತ ಪ್ರಧಾನವಾಗಿರುವವರಲ್ಲಿ ವೈದ್ಯರು ಇದನ್ನು ಪರಿಗಣಿಸುತ್ತಾರೆ.
ಮಿತಿ: ದ್ರವ ತುಂಬುವಾಗ ಒತ್ತಡದ ನೋವಿರುತ್ತದೆ. ಸಾಮಾನ್ಯವಾಗಿ ಪರದೆಯ ಸಹಾಯ ಬೇಕು. ವೆಚ್ಚ ಹೆಚ್ಚು.

6.5 ಹೆಗಲಿನ ನರಕ್ಕೆ ಕೊಡುವ ಇಂಜೆಕ್ಷನ್

ವಿಧಾನ: ಹೆಗಲಿನ ಕೀಲಿನ ಸುಮಾರು ಶೇ. 70ರಷ್ಟು ನೋವಿನ ಸಂವೇದನೆಯನ್ನು ಸಾಗಿಸುವ ಸುಪ್ರಾಸ್ಕ್ಯಾಪುಲರ್ ಎಂಬ ನರದ ಬಳಿ, ಬೆನ್ನಿನ ಮೇಲ್ಭಾಗದಲ್ಲಿ ಔಷಧ ಬಿಡಲಾಗುತ್ತದೆ.
ಪ್ರಯೋಜನ: ತೀವ್ರ ನೋವಿನಿಂದ ವ್ಯಾಯಾಮವೇ ಸಾಧ್ಯವಾಗದವರಿಗೆ ಸಹಾಯಕ. ಸ್ಟಿರಾಯ್ಡ್ ಇಲ್ಲದೆ ಅರಿವಳಿಕೆ ಮಾತ್ರ ಬಳಸಿಯೂ ಕೊಡಬಹುದಾದ್ದರಿಂದ, ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಒಂದು ದಾರಿಯಾಗುತ್ತದೆ.
ಮಿತಿ: ಕೀಲಿನ ಚೀಲದ ಊತಕ್ಕೆ ನೇರ ಚಿಕಿತ್ಸೆಯಲ್ಲ. ಶ್ವಾಸಕೋಶ ಹತ್ತಿರವಿರುವುದರಿಂದ ಅನುಭವಿ ವೈದ್ಯರೇ ಕೊಡತಕ್ಕದ್ದು.

6.6 ಇತರೆ ಇಂಜೆಕ್ಷನ್‌ಗಳು

ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವವನ್ನು, ಅಂದರೆ ಪಿ.ಆರ್.ಪಿ.ಯನ್ನು ಕೊಡುವ ಪದ್ಧತಿ ಇತ್ತೀಚಿನದು. ಕೆಲವು ಸಣ್ಣ ಅಧ್ಯಯನಗಳಲ್ಲಿ ಉತ್ತಮ ಫಲ ವರದಿಯಾಗಿದ್ದರೂ, ಮೊದಲ ಆಯ್ಕೆಯೆಂದು ಹೇಳುವಷ್ಟು ಆಧಾರ ಇನ್ನೂ ದೊರೆತಿಲ್ಲ. ಹಯಲುರೊನಿಕ್ ಆಮ್ಲದ ಇಂಜೆಕ್ಷನ್‌ನಿಂದ ಹೆಗಲು ಬಿಗಿತದಲ್ಲಿ ವಿಶೇಷ ಲಾಭವಿರುವುದಕ್ಕೂ ಸಾಕಷ್ಟು ಆಧಾರವಿಲ್ಲ. ಇವೆರಡೂ ಸ್ಟಿರಾಯ್ಡ್‌ಗಿಂತ ದುಬಾರಿ.

7. ತುಲನೆ: ಅಧ್ಯಯನಗಳಿಂದ ತಿಳಿದುಬಂದ ಅಂಶಗಳು

(1) ಕೆನಡಾದಲ್ಲಿ 93 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕೀಲಿನೊಳಗೆ ಒಂದೇ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಗೂ ಮನೆಯಲ್ಲಿ ಮಾಡುವ ಸರಳ ವ್ಯಾಯಾಮದಿಂದ ನೋವು ಮತ್ತು ತೊಂದರೆ ಕಡಿಮೆಯಾದವು. ಇದರ ಜೊತೆಗೆ ಫಿಸಿಯೋಥೆರಪಿಯನ್ನೂ ಪಡೆದವರಲ್ಲಿ ಚಲನೆ ಬೇಗನೆ ಮರಳಿತು.

(2) ಚೀಲ ಹಿಗ್ಗಿಸುವ ವಿಧಾನದ ಬಗ್ಗೆ 2008ರಲ್ಲಿ ಕಾಕ್ರೇನ್ ಸಂಸ್ಥೆಯು ಪ್ರಕಟಿಸಿದ ಪರಾಮರ್ಶೆಯಲ್ಲಿ, ಸಲೈನ್ ಮತ್ತು ಸ್ಟಿರಾಯ್ಡ್‌ನಿಂದ ಹಿಗ್ಗಿಸುವುದು ಅಲ್ಪಾವಧಿಗೆ ಪ್ರಯೋಜನಕಾರಿ ಎಂದು ಕಂಡುಬಂದಿದೆ. ಆದರೆ ಅದು ಇತರ ಚಿಕಿತ್ಸೆಗಳಿಗಿಂತ ಮೇಲು ಎಂಬುದು ಸಾಬೀತಾಗಿಲ್ಲ.

(3) ಹೆಗಲು ನೋವಿಗೆ ಪರದೆ ನೋಡಿ ಕೊಡುವ ಇಂಜೆಕ್ಷನ್‌ನ ಬಗ್ಗೆ ಅದೇ ಸಂಸ್ಥೆಯು 2012ರಲ್ಲಿ ಪರಾಮರ್ಶೆ ನಡೆಸಿ, 2021ರಲ್ಲಿ ಪರಿಷ್ಕರಿಸಿತು. ಪರದೆ ಇಲ್ಲದೆ ಕೊಟ್ಟ ಇಂಜೆಕ್ಷನ್‌ಗೆ ಹೋಲಿಸಿದರೆ ರೋಗಿಗೆ ದೊರೆಯುವ ಹೆಚ್ಚುವರಿ ಲಾಭ ಅತ್ಯಲ್ಪ ಅಥವಾ ಇಲ್ಲವೆಂಬುದು ಅದರ ಸಾರಾಂಶ. ಸೂಜಿ ಹೆಚ್ಚು ಖಚಿತವಾಗಿ ತಲುಪುವುದು ನಿಜವಾದರೂ, ಅದೇ ಪ್ರಮಾಣದಲ್ಲಿ ನೋವು ಹೆಚ್ಚು ಇಳಿಯುತ್ತದೆ ಎಂದು ಹೇಳಲು ಬರುವುದಿಲ್ಲ.

(4) ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೂರು ಚಿಕಿತ್ಸೆಗಳನ್ನು ಹೋಲಿಸಲಾಯಿತು: ಸ್ಟಿರಾಯ್ಡ್ ಇಂಜೆಕ್ಷನ್ ಸಹಿತ ಕ್ರಮಬದ್ಧ ಫಿಸಿಯೋಥೆರಪಿ, ಅರಿವಳಿಕೆ ಕೊಟ್ಟು ತೋಳನ್ನು ಬಿಡಿಸುವುದು, ಹಾಗೂ ದರ್ಶಕ ನಳಿಕೆಯ ಮೂಲಕ ಚೀಲ ಕತ್ತರಿಸುವ ಶಸ್ತ್ರಚಿಕಿತ್ಸೆ. ಒಂದು ವರ್ಷದ ಕೊನೆಗೆ ಯಾವುದೊಂದೂ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಮೇಲೆನಿಸಲಿಲ್ಲ. ಆದ್ದರಿಂದ ಬಹುತೇಕರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಇಂಜೆಕ್ಷನ್ ಮತ್ತು ವ್ಯಾಯಾಮದ ಹಾದಿಯನ್ನು ಪ್ರಯತ್ನಿಸುವುದು ಸಮಂಜಸ.

ಮೇಲ್ಕಂಡ ಅಂಶಗಳ ಒಟ್ಟು ತಾತ್ಪರ್ಯವಿಷ್ಟು: ಸೂಜಿ ಚುಚ್ಚುವ ವಿಧಾನಗಳ ನಡುವಿನ ಅಂತರ ಚಿಕ್ಕದು. ಸರಿಯಾದ ರೋಗನಿರ್ಣಯ, ಸರಿಯಾದ ಹಂತ ಮತ್ತು ನಂತರದ ವ್ಯಾಯಾಮ ಇವುಗಳಿಂದ ಆಗುವ ಅಂತರ ದೊಡ್ಡದು. ದುಬಾರಿ ವಿಧಾನ ದೊರೆಯಲಿಲ್ಲವೆಂದು ಚಿಕಿತ್ಸೆಯನ್ನೇ ಮುಂದೂಡುವುದು ಸರಿಯಲ್ಲ.

8. ಮಧುಮೇಹಿಗಳಿಗೆ ವಿಶೇಷ ಸೂಚನೆ

ಕೀಲಿನೊಳಗೆ ಕೊಟ್ಟ ಸ್ಟಿರಾಯ್ಡ್‌ನ ಒಂದು ಅಂಶ ರಕ್ತಕ್ಕೆ ಸೇರುವುದರಿಂದ ಸಕ್ಕರೆ ಪ್ರಮಾಣ ಏರುತ್ತದೆ. ಈ ಏರಿಕೆ ಮೊದಲ ಕೆಲವು ದಿನಗಳಲ್ಲಿ ಹೆಚ್ಚಾಗಿದ್ದು, ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಆದಕಾರಣ:

- ಇಂಜೆಕ್ಷನ್‌ಗೆ ಮೊದಲು ಇತ್ತೀಚಿನ ಸಕ್ಕರೆ ವರದಿ ಹಾಗೂ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ವರದಿಯನ್ನು ವೈದ್ಯರಿಗೆ ತೋರಿಸಬೇಕು.
- ನಂತರದ ಒಂದು ವಾರ ಸಕ್ಕರೆಯನ್ನು ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳಬೇಕು.
- ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನು ತಾವೇ ಬದಲಿಸದೆ ವೈದ್ಯರನ್ನು ಕೇಳಬೇಕು.
- ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ ಅಥವಾ ಮಂಪರು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಧುಮೇಹವಿದೆ ಎಂಬ ಒಂದೇ ಕಾರಣಕ್ಕೆ ಇಂಜೆಕ್ಷನ್ ನಿಷಿದ್ಧವಲ್ಲ. ಸಕ್ಕರೆ ಹತೋಟಿಗೆ ಬಂದ ನಂತರ ಕೊಡಬಹುದು. ಹಾಗೆಂದು ಈ ರೋಗವನ್ನು ಮುಚ್ಚಿಟ್ಟು ಇಂಜೆಕ್ಷನ್ ಪಡೆಯುವುದು ಅಪಾಯಕರ.

9. ಅಡ್ಡ ಪರಿಣಾಮಗಳು ಮತ್ತು ಎಚ್ಚರಿಕೆ

ಒಂದೆರಡು ದಿನ ನೋವು ಹೆಚ್ಚುವುದು, ಮುಖ ಕೆಂಪೇರುವುದು, ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗುವುದು ಅಥವಾ ಸ್ವಲ್ಪ ಕುಳಿ ಬೀಳುವುದು ಸಂಭವನೀಯ. ಕೀಲಿಗೆ ಸೋಂಕು ತಗಲುವುದು ಬಹಳ ವಿರಳ, ಆದರೆ ಗಂಭೀರ. ಜ್ವರ, ಕೀಲು ಕೆಂಪಾಗಿ ಬಿಸಿಯಾಗುವುದು, ಎರಡು ಮೂರು ದಿನಗಳ ನಂತರವೂ ನೋವು ಏರುತ್ತಲೇ ಹೋಗುವುದು ಕಂಡುಬಂದರೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಜ್ವರ ಅಥವಾ ಮೈಯಲ್ಲಿ ಎಲ್ಲಿಯಾದರೂ ಸೋಂಕು ಇದ್ದಲ್ಲಿ, ಹೆಗಲಿನ ಚರ್ಮದಲ್ಲಿ ಹುಣ್ಣಿದ್ದಲ್ಲಿ ಇಂಜೆಕ್ಷನ್ ಮುಂದೂಡಬೇಕು. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು, ಔಷಧ ಅಲರ್ಜಿ ಇರುವವರು, ಗರ್ಭಿಣಿಯರು ಮತ್ತು ಮುಂದಿನ ಮೂರು ತಿಂಗಳಲ್ಲಿ ಹೆಗಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿರುವವರು ಮೊದಲೇ ತಿಳಿಸಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಒಂದೇ ಕೀಲಿಗೆ ಪದೇ ಪದೇ ಸ್ಟಿರಾಯ್ಡ್ ಕೊಡುವುದು ಸೂಕ್ತವಲ್ಲ. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಬೇಡ ಎಂಬುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ಮಿತಿ. ಆದ್ದರಿಂದ ಹಿಂದೆ ಬೇರೆ ಕಡೆ ಪಡೆದ ಇಂಜೆಕ್ಷನ್‌ಗಳ ಚೀಟಿಯನ್ನು ಜೋಪಾನವಾಗಿಡಬೇಕು.

10. ಇಂಜೆಕ್ಷನ್ ನಂತರದ ವ್ಯಾಯಾಮ

ಇಂಜೆಕ್ಷನ್‌ನಿಂದ ದೊರೆಯುವ ನೋವಿನ ಬಿಡುವು ಕೆಲವು ವಾರಗಳದ್ದು. ಆ ಅವಧಿಯನ್ನು ವ್ಯಾಯಾಮಕ್ಕೆ ಬಳಸದಿದ್ದಲ್ಲಿ ಇಂಜೆಕ್ಷನ್‌ನ ಅರ್ಧ ಪ್ರಯೋಜನ ಕೈತಪ್ಪಿದಂತೆ. ಮೊದಲ ಒಂದೆರಡು ದಿನ ಭಾರ ಎತ್ತದೆ ವಿಶ್ರಾಂತಿ ನೀಡಿ, ತದನಂತರ ವೈದ್ಯರ ಸಲಹೆಯಂತೆ ಈ ಕೆಳಕಂಡವುಗಳನ್ನು ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಬಾರಿ ಸುಮಾರು ಹತ್ತರಂತೆ ಮಾಡಬಹುದು.

(ಅ) ಮೇಜಿನ ಮೇಲೆ ಒಂದು ಕೈ ಊರಿ ಬಾಗಿ, ನೋವಿರುವ ತೋಳನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು.
(ಆ) ಗೋಡೆಯ ಮೇಲೆ ಬೆರಳುಗಳಿಂದ ನಡೆಸುತ್ತಾ ಕೈಯನ್ನು ಮೇಲೇರಿಸುವುದು. ತಲುಪಿದ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿದರೆ ವಾರದ ಪ್ರಗತಿ ತಿಳಿಯುತ್ತದೆ.
(ಇ) ಬೆನ್ನ ಹಿಂದೆ ಟವೆಲನ್ನು ಎರಡೂ ಕೈಗಳಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಮೇಲಕ್ಕೆ ಎಳೆಯುವುದು.
(ಈ) ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕೋಲೊಂದನ್ನು ಎರಡೂ ಕೈಗಳಲ್ಲಿ ಹಿಡಿದು ನೋವಿರುವ ಕೈಯನ್ನು ಹೊರಕ್ಕೆ ತಳ್ಳುವುದು.

ಸಹಿಸಬಹುದಾದ ಎಳೆತದವರೆಗೆ ಮಾತ್ರ ಮಾಡತಕ್ಕದ್ದು. ಪರಿಣತಿ ಇಲ್ಲದವರಿಂದ ಬಲವಂತವಾಗಿ ತೋಳು ತಿರುಚಿಸಿಕೊಳ್ಳುವುದರಿಂದ ಮೂಳೆ ಮುರಿಯುವ ಅಪಾಯವಿದೆ.

11. ಬೆಂಗಳೂರು ಉತ್ತರ ಭಾಗದ ನಾಗರಿಕರಿಗೆ ಚಿಕಿತ್ಸಾ ಸ್ಥಳಗಳು

(1) ಮೊದಲ ತಪಾಸಣೆ ಹಾಗೂ ಸಕ್ಕರೆ ಪರೀಕ್ಷೆಗೆ ಹತ್ತಿರದ ನಮ್ಮ ಕ್ಲಿನಿಕ್ ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ.
(2) ಯಲಹಂಕ ಭಾಗದವರಿಗೆ ಯಲಹಂಕದ ಸಾರ್ವಜನಿಕ ಆಸ್ಪತ್ರೆ.
(3) ಯಶವಂತಪುರ ಭಾಗದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ.
(4) ಆರ್.ಟಿ. ನಗರ ಮತ್ತು ಹೆಬ್ಬಾಳ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ.
(5) ಮೂಳೆ ಮತ್ತು ಕೀಲಿನ ವಿಶೇಷ ಚಿಕಿತ್ಸೆಗೆ ಜಯನಗರದಲ್ಲಿರುವ ಸಂಜಯ್ ಗಾಂಧಿ ಅಪಘಾತ ಚಿಕಿತ್ಸೆ ಮತ್ತು ಮೂಳೆ ವೈದ್ಯಕೀಯ ಸಂಸ್ಥೆ.
(6) ಇ.ಎಸ್.ಐ. ವಿಮಾದಾರ ಕಾರ್ಮಿಕರು ತಮ್ಮ ಚಿಕಿತ್ಸಾಲಯದ ಮೂಲಕ ಪೀಣ್ಯ ಅಥವಾ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ.

ಪರದೆ ನೋಡಿ ಕೊಡುವ ಮತ್ತು ಚೀಲ ಹಿಗ್ಗಿಸುವ ವಿಧಾನಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲವಾದ್ದರಿಂದ ಮೂಳೆರೋಗ ವಿಭಾಗದಲ್ಲಿ ವಿಚಾರಿಸಿಕೊಳ್ಳುವುದು. ಹೋಗುವಾಗ ಆಧಾರ್ ಚೀಟಿ, ಪಡಿತರ ಚೀಟಿ, ಹಿಂದಿನ ಎಕ್ಸ್-ರೇ ಮತ್ತು ವರದಿಗಳು, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಇವುಗಳನ್ನು ಜೊತೆಗೆ ಒಯ್ಯತಕ್ಕದ್ದು. ಆರೋಗ್ಯ ಸಂಬಂಧಿ ಸಲಹೆಗೆ 104 ಸಹಾಯವಾಣಿಗೆ ಕರೆ ಮಾಡಬಹುದು.

12. ವೆಚ್ಚ ಮತ್ತು ಸೌಲಭ್ಯಗಳು

ಸ್ಟಿರಾಯ್ಡ್ ಔಷಧವು ಹಳೆಯದೂ ಅಗ್ಗವೂ ಆಗಿದೆ. ಬಿಲ್ಲಿನ ಮೊತ್ತ ಏರುವುದು ಯಂತ್ರ, ಕೊಠಡಿ ಮತ್ತು ತಜ್ಞರ ಶುಲ್ಕದಿಂದ. ಖಾಸಗಿ ಆಸ್ಪತ್ರೆಗೆ ಹೋಗುವವರು ಒಪ್ಪಿಗೆ ನೀಡುವ ಮುನ್ನವೇ ಅಂದಾಜು ವೆಚ್ಚವನ್ನು ಕೇಳಿ ತಿಳಿಯಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅನ್ವಯ ದರಗಳ ಮಾಹಿತಿ ಮತ್ತು ವಿವರವಾದ ಬಿಲ್ಲು ಪಡೆಯಲು ರೋಗಿಗಳು ಅರ್ಹರು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ಹೊರರೋಗಿ ವಿಭಾಗದಲ್ಲೇ ಮುಗಿಯುವ ಇಂಜೆಕ್ಷನ್ ಸಾಮಾನ್ಯವಾಗಿ ಅದರಲ್ಲಿ ಒಳಪಡುವುದಿಲ್ಲ. ಶಸ್ತ್ರಚಿಕಿತ್ಸೆ ಸೂಚಿಸಲ್ಪಟ್ಟವರು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಸಂಪರ್ಕಿಸುವುದು. ಇ.ಎಸ್.ಐ. ವಿಮಾದಾರರಿಗೆ, ವಂತಿಗೆಯ ಷರತ್ತು ಪೂರೈಸಿದ್ದು ವೈದ್ಯರು ರಜೆ ಪ್ರಮಾಣೀಕರಿಸಿದಲ್ಲಿ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ವೇತನದ ಶೇ. 70ರ ದರದಲ್ಲಿ ಕಾಯಿಲೆ ಭತ್ಯೆ ಲಭ್ಯ. ತೋಳು ಎತ್ತಲಾಗದೆ ಕೆಲಸ ಬಿಡುವ ಮುನ್ನ ಕಾರ್ಮಿಕರು ಈ ಸೌಲಭ್ಯವನ್ನು ವಿಚಾರಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಟಿರಾಯ್ಡ್ ಇಂಜೆಕ್ಷನ್ ಒಮ್ಮೆ ಪಡೆದರೆ ಅಭ್ಯಾಸವಾಗುವುದೇ?
ಉತ್ತರ: ಇಲ್ಲ. ಕೀಲಿಗೆ ಒಂದೆರಡು ಬಾರಿ ಕೊಡುವ ಔಷಧವು ಚಟವಾಗುವುದಿಲ್ಲ. ದೀರ್ಘಕಾಲ ಮಾತ್ರೆ ರೂಪದಲ್ಲಿ ಸೇವಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಪ್ರಶ್ನೆ: ನೋವು ಹೋಗಿದೆ, ಆದರೆ ಕೈ ಹಿಂದಕ್ಕೆ ಹೋಗುತ್ತಿಲ್ಲ. ಮತ್ತೊಂದು ಇಂಜೆಕ್ಷನ್ ಬೇಕೇ?
ಉತ್ತರ: ಬಹುತೇಕ ಬೇಕಾಗುವುದಿಲ್ಲ. ಈ ಹಂತದಲ್ಲಿ ವ್ಯಾಯಾಮವೇ ಮುಖ್ಯ. ಪ್ರಗತಿ ಕಾಣದಿದ್ದರೆ ಚೀಲ ಹಿಗ್ಗಿಸುವ ವಿಧಾನ ಅಥವಾ ಇತರ ಚಿಕಿತ್ಸೆಯ ಬಗ್ಗೆ ಮೂಳೆ ತಜ್ಞರನ್ನು ಕೇಳುವುದು.

ಪ್ರಶ್ನೆ: ಒಂದು ಹೆಗಲು ವಾಸಿಯಾದ ಮೇಲೆ ಇನ್ನೊಂದಕ್ಕೆ ಬರಬಹುದೇ?
ಉತ್ತರ: ಕೆಲವರಲ್ಲಿ ಬರುತ್ತದೆ, ಮಧುಮೇಹಿಗಳಲ್ಲಿ ಸಂಭವ ಹೆಚ್ಚು. ವಾಸಿಯಾದ ಅದೇ ಹೆಗಲಿಗೆ ಮರುಕಳಿಸುವುದು ವಿರಳ.

ಪ್ರಶ್ನೆ: ವೈದ್ಯರಿಂದ ಏನನ್ನು ಬರೆಸಿಕೊಳ್ಳಬೇಕು?
ಉತ್ತರ: ಔಷಧದ ಹೆಸರು, ಪ್ರಮಾಣ, ಯಾವ ಜಾಗಕ್ಕೆ ಕೊಡಲಾಯಿತು, ದಿನಾಂಕ ಮತ್ತು ಮರುಭೇಟಿಯ ದಿನ ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು.

14. ಮುಕ್ತಾಯ

ಹೆಗಲು ನೋವು ಆರಂಭವಾಗಿ ಕೆಲವು ವಾರಗಳಾದರೂ ಇಳಿಯದೆ, ತೋಳಿನ ಚಲನೆ ಕಡಿಮೆಯಾಗುತ್ತಿದ್ದಲ್ಲಿ ನಾಗರಿಕರು ನೋವಿನ ಮಾತ್ರೆಗಳಲ್ಲಿಯೇ ಕಾಲ ಕಳೆಯದೆ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲದಲ್ಲಿ ಪಡೆದ ಸಾಧಾರಣ ಇಂಜೆಕ್ಷನ್ ಮತ್ತು ಅದರ ಬೆನ್ನಿಗೇ ಮಾಡಿದ ವ್ಯಾಯಾಮವು, ತಡವಾಗಿ ಪಡೆದ ದುಬಾರಿ ಚಿಕಿತ್ಸೆಗಿಂತ ಹೆಚ್ಚು ಉಪಕಾರಿಯಾಗಬಲ್ಲದು. ಸಾರ್ವಜನಿಕರು ಸದರಿ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.